ಒಂದು ಸೇರಿಸಿಕೊಂಡು ಕೇಳಬೇಕಾದ ಗಾಳಿ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ನನ್ನ ಚಿಕ್ಕಪ್ಪನ ಮಗ ಮುಸಲ್ಲಮ್‌ಗೆ ಆದದ್ದು. ನಂಬದವರು ಈಗಲೇ ಎದ್ದು ಹೋಗಬಹುದು.

ನಮ್ಮ ಒಮಾನ್ ದಡದ ದೋಣಿಯವರ ಜಂಬ ಗೊತ್ತಲ್ಲ. ಹಾಯಿಯ ಹಗ್ಗಕ್ಕೆ ಒಂದು ಕೈ ಸಾಕಾದರೆ ಒಂದು ಕೈ ಗಾಳಿ. ಎರಡೂ ಬೇಕಾದರೆ ಎರಡು ಕೈ ಗಾಳಿ. ಅದಕ್ಕೂ ಮೇಲಿನದು ದೋಣಿ ಎಳೆಯುವ ಗಾಳಿ. ಆಗ ಕಡಲಿಗೆ ಇಳಿಯುವ ಮಾತೇ ಇಲ್ಲ, ದೋಣಿ ದಡಕ್ಕೆ ಎಳೆದಿಡಬೇಕು. ಆದರೆ ಯಾವ ಗಂಡಸೂ ಇದ್ದದ್ದನ್ನು ಇದ್ದ ಹಾಗೆ ಹೇಳುವುದಿಲ್ಲ. ಒಂದು ಮೆಟ್ಟಿಲು ಇಳಿಸಿಯೇ ಹೇಳುತ್ತಾನೆ. ಕೇಳಿದವನು ಮನಸ್ಸಿನಲ್ಲೇ ಒಂದು ಸೇರಿಸಿಕೊಳ್ಳುತ್ತಾನೆ.

ಮುಸಲ್ಲಮ್‌ನ ಭಾವ ರಬೀಅ ಒಳನಾಡಿನ ಖರ್ಜೂರದ ತೋಟದವನು, ಮದುವೆಯಾದ ಮೇಲೆ ಇಲ್ಲಿಗೆ ಬಂದು ದೋಣಿ ಹಿಡಿದವನು. ಅವನಿಗೆ ಇದು ಗೊತ್ತಿರಲಿಲ್ಲ. ನಮ್ಮ ಅಳಿವೆ ಗುಡ್ಡದ ಮರೆಯಲ್ಲಿದೆ, ಹೊರಗಿನ ಗಾಳಿ ದಡಕ್ಕೆ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಕಡಲಿನಿಂದ ವಾಪಸಾಗುತ್ತಿದ್ದ ಮುಸಲ್ಲಮ್‌ನನ್ನು ರಬೀಅ ಕೇಳಿದ, "ಹೊರಗೆ ಗಾಳಿ ಹೇಗಿದೆ?" "ಎರಡು ಕೈ" ಅಂದ ಇವನು. ರಬೀಅ ಹೋದ. ಹೆಣವೂ ಸಿಗಲಿಲ್ಲ.

ರೂಢಿಯಂತೆ ಇಳಿಸಿದ ಮಾತು ಬಾಯಿತಪ್ಪಿ ಬಂತು ಅಂತ ಮುಸಲ್ಲಮ್ ಎಲ್ಲರ ಮುಂದೆ ಅತ್ತ. ಆದರೆ ಅವರಿಬ್ಬರಿಗೂ ಮೀನು ಹಿಡಿಯುವ ಒಂದೇ ಜಾಗಕ್ಕೆ ಜಗಳವಿತ್ತು. ನನಗೆ ಅನುಮಾನ ಹೋಗಲಿಲ್ಲ. ಅವನ ಅಕ್ಕ, ರಬೀಅನ ಹೆಂಡತಿ ಶಮ್ಸಾಗೂ ಹೋಗಲಿಲ್ಲ, ಪಾಪ.

ಒಂದು ರಾತ್ರಿ ಮುಸಲ್ಲಮ್ ಅವಳ ಮನೆಗೆ ಹೋದ. ಅವಳು ಕಾಫಿ ಬಗ್ಗಿಸಲಿಲ್ಲ.

"ನನ್ನ ಮದುವೇಲಿ ಮೂರು ದಿನ ಅವರನ್ನ ತೋಟದವನು, ತೋಟದವನು ಅಂತ ರೇಗಿಸಿದ್ದು ನೀನೇ ಅಲ್ವೇನೋ? ಅವತ್ತು ಬೆಳಿಗ್ಗೆ ಮಾತ್ರ ಮರೆತುಹೋಯ್ತಾ?"

"ಅಕ್ಕಾ, ನಾಲಿಗೆಗೆ ಅದೇ ರೂಢಿ..."

"ನಿಜ ಹೇಳೋ ದಿನ ಬಾ. ಕಾಫಿ ಕೊಡ್ತೀನಿ."

ಒಬ್ಬನೇ ಹೊರಟ. ದಾರಿಯಲ್ಲಿ ಊರ ಬಾವಿಯ ಹತ್ತಿರ ಬಂದಾಗ ಗಾಳಿಯೇ ಇರಲಿಲ್ಲ. ರಾಟೆ ಮಾತ್ರ ಕಿರ್... ಕಿರ್... ಅಂತು. ನಿಂತ. ಅದೂ ನಿಂತಿತು. ಆಮೇಲೆ, ಒದ್ದೆ ಹಾಯಿ ಬಡಿದ ಸದ್ದು. ಫಟ್.

ಬಾವಿಯ ಆಚೆಯಿಂದ ಯಾರೋ ಪಿಸುಗುಟ್ಟಿದರು.

"ಹೊರಗೆ ಗಾಳಿ ಹೇಗಿದೆ, ಮುಸಲ್ಲಮ್?"

"ಎ... ಎರಡು ಕೈ," ಅಂದ ಇವನು.

ಅದೇ ಪಿಸುದನಿ ಮತ್ತೆ ಕೇಳಿತು.

"ಒಂದು ಸೇರಿಸ್ಕೊಳ್ಳಲಾ?"

ಮುಸಲ್ಲಮ್ ಓಡಲು ತಿರುಗಿದ. ಆಮೇಲೆ ಬಾವಿಯ ಕಡೆಗೇ ಮುಖ ಮಾಡಿದ.

"ಸೇರಿಸ್ಕೋ," ಅಂದ. "ದೋಣಿ ಎಳೆಯೋ ಗಾಳಿ. ನಿನಗೆ ತಿಳಿಯಲ್ಲ ಅಂತ ನನಗೆ ಗೊತ್ತಿತ್ತು, ಭಾವ. ಗೊತ್ತಿದ್ದೇ ಹೇಳ್ದೆ."

ಅವನು ತಿರುಗಿ ಅಕ್ಕನ ಬಾಗಿಲಿಗೆ ಹೋಗಿ ಅದೇ ಮಾತನ್ನು ಅವಳೆದುರೂ ಹೇಳಿದ. ಅವಳು ಕಾಫಿ ಬಗ್ಗಿಸಿ ಕೊಟ್ಟಳು. ಕುಡಿಯುವ ತನಕ ಕಾದಳು. "ಇನ್ನು ಬರಬೇಡ," ಅಂದು ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ನೋಡಿದರೆ ಮುಸಲ್ಲಮ್‌ನ ದೋಣಿ ನೀರಿನಲ್ಲಿಲ್ಲ. ಇನ್ನೂರು ಹೆಜ್ಜೆ ಮೇಲೆ, ಬಾವಿಯ ಪಕ್ಕದಲ್ಲಿದೆ. ಅದನ್ನು ಎಳೆಯಲು ಎಂಟು ಜನ ಬೇಕು. ಊರಲ್ಲಿ ಯಾರೂ ಎಳೆದಿಲ್ಲ. ಮರಳಿನಲ್ಲಿ ಎಳೆದ ಗೆರೆಯೂ ಇಲ್ಲ, ನಾನೇ ಬಗ್ಗಿ ನೋಡಿದ್ದೇನೆ. ಅವನು ಮತ್ತೆ ಅದನ್ನು ಮುಟ್ಟಲಿಲ್ಲ. ಬೇಕಾದರೆ ಹೋಗಿ ನೋಡಿ, ಈಗಲೂ ಅಲ್ಲೇ ಇದೆ. ಶಮ್ಸಾಳ ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತವೆ.