ನಲವತ್ತೆರಡು ಈಸ್ಟರ್ ಗೆದ್ದ ಮೊಟ್ಟೆ

...ಅಯ್ಯೋ, ನಿಂತೇ ಮಾತಾಡ್ತೀರಾ ಆರ್ಸೆನಿ ಲ್ವೋವಿಚ್? ಕೂತ್ಕೊಳ್ಳಿ! ಈಸ್ಟರ್ ದಿನ ಮನೆಗೆ ಬಂದೋರನ್ನ ಬರೀ ಹೊಟ್ಟೇಲಿ ಕಳಿಸಿದ್ರೆ ಈ ಫೆಕ್ಲಾ ಅಜ್ಜಿ ಮುಖಕ್ಕೆ ಊರೇ ಉಗಿಯುತ್ತೆ. ಮ್ಯೂಸಿಯಮ್ಮಿನೋರಾದ್ರೇನು, ಹಸಿವಾಗಲ್ವಾ? ತಗೊಳ್ಳಿ, ಕುಲಿಚ್ ರೊಟ್ಟಿ. ದ್ರಾಕ್ಷಿ ಜಾಸ್ತೀನೇ ಹಾಕಿದೀನಿ.

ಮತ್ತೆ ಅದೇ ಫೋಟೋ ತೋರಿಸ್ತೀರಲ್ಲ! ನೋಡಿದೆ, ನೋಡಿದೆ. ಚಿನ್ನದ ಮೊಟ್ಟೆ, ಸೊಂಟಕ್ಕೆ ವಜ್ರದ ಡಾಬು, ತ್ಸಾರ್ ದೊರೆ ರಾಣಿಗೆ ಕೊಟ್ಟಿದ್ದು, ಕ್ರಾಂತಿ ಗಲಾಟೇಲಿ ಕಳೆದುಹೋಯ್ತು. ಹೌದು, ನಮ್ಮಮ್ಮ ಅರಮನೇಲಿ ಬಟ್ಟೆ ಒಗೀತಿದ್ಲು. ಒಗೆಯೋಳಿಗೆ ವಜ್ರ ಯಾರು ಕೊಡ್ತಾರೆ? ಸಾಬೂನೇ ಅಳೆದು ಕೊಡ್ತಿದ್ರಂತೆ! ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ?

ನಮ್ಮ ಮೊಟ್ಟೆ ಅಂದ್ರೆ ಇದು ನೋಡಿ, ಕೆಂಪು ಬಣ್ಣ ಬರ್ಲಿ ಅಂತ ಈರುಳ್ಳಿ ಸಿಪ್ಪೇಲಿ ಬೇಯಿಸಿದ್ದು. ಒಂದು ಆರಿಸ್ಕೊಳ್ಳಿ, ಮೊಟ್ಟೆಗೆ ಮೊಟ್ಟೆ ಕುಟ್ಟೋಣ. ಯಾರದ್ದು ಒಡೆಯುತ್ತೋ ಅವರು ಸೋತ್ರು. ಉಹೂಂ, ಬುಟ್ಟೀದು ತಗೊಳ್ಳಿ! ಇದು ನಂದು... ಬೇರೆ ಮೊಟ್ಟೆ ನನ್ನ ಕೈಗೆ ಒಗ್ಗಲ್ಲ. ಮುಷ್ಟೀಲಿ ಬಿಗಿಯಾಗಿ ಹಿಡೀಬೇಕು, ತುದಿ ಮಾತ್ರ ಕಾಣ್ಬೇಕು. ಹಾಂ... ಟಕ್! ಹ್ಹೆಹ್ಹೆ! ಪುಡಿಪುಡಿ! ಇನ್ನೊಂದು... ಟಕ್! ಅದೂ ಹೋಯ್ತು!

ನಲವತ್ತೆರಡು ವರ್ಷ! ಈ ಊರಲ್ಲಿ ಒಬ್ರೂ ನನ್ನ ಸೋಲಿಸಿಲ್ಲ. ಪಕ್ಕದ್ಮನೆ ಲುಕೇರ್ಯಾ ಇದಾಳಲ್ಲ, ಮೊಟ್ಟೆ ಗಟ್ಟಿಯಾಗ್ಲಿ ಅಂತ ಕೋಳಿಗಳಿಗೆ ಸುಣ್ಣ ತಿನ್ನಿಸಿ ತಿನ್ನಿಸಿ ಸುಸ್ತಾದ್ಲು, ಪಾಪ. ಇವತ್ತೂ ಬರ್ತಾಳೆ. ಸೋತು ಹೋಗ್ವಾಗ ಅವಳ ಮುಖ ನೋಡ್ಬೇಕು ನೀವು! "ಫೆಕ್ಲಾ ಕೈಗೆ ಬಂದ ಮೊಟ್ಟೆ ಕಲ್ಲಾಗುತ್ತೆ" ಅಂತಾರೆ ಊರೋರು. ಯಜಮಾನ್ರು ಹೋದ್ಮೇಲೆ ನನಗಿರೋ ಹೆಮ್ಮೆ ಇದೊಂದೇ...

ಯಾಕೆ, ನಗ್ತಿಲ್ವಲ್ಲ?

ಮೇಜಿನ ಮೇಲೇನು ನೋಡ್ತಿದ್ದೀರಾ? ಓ... ಅದಾ? ಕೆಂಪು ಬಣ್ಣದ ಚಕ್ಕೆ. ಹೌದು, ಈರುಳ್ಳಿ ಸಿಪ್ಪೆ ಬಣ್ಣ ಚಕ್ಕೆ ಏಳಲ್ಲ. ಅದು... ನೆಲಕ್ಕೆ ಬಳಿಯೋ ಪೇಂಟು. ಬೈಯಿರಿ ಬೇಕಾದ್ರೆ! ಹಿಂಗೆ ನನ್ನ ಮುಷ್ಟೀನೇ ನೋಡ್ತಾ ಕೂತ್ರೆ...

ಸರಿ. ಬಿಚ್ಚಿದೆ. ನೋಡಿ. ಪೇಂಟಿನಡಿ ಡಾಬು ಹಂಗೇ ಇದೆ, ಒಂದು ಹರಳೂ ಬಿದ್ದಿಲ್ಲ. ಅಮ್ಮ ಮಾಸಿದ ಬಟ್ಟೆ ಗಂಟಲ್ಲಿ ತಂದದ್ದು. ಒಯ್ಯಿರಿ, ವಜ್ರ ಕಟ್ಕೊಂಡು ನನಗೇನಾಗ್ಬೇಕು! ಆದ್ರೆ ಲುಕೇರ್ಯಾಗೆ ಮಾತ್ರ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ!

ಗೇಟು ಕಿರ್ ಅಂತು... ಅವಳೇ! ಜೇಬಿಗೆ ಹಾಕ್ಕೊಳ್ಳಿ, ಬೇಗ! ಆ ಬುಟ್ಟಿಯಿಂದ ನನಗೊಂದು ಕೊಡಿ ಇತ್ತ... ಯಾವುದಾದ್ರೂ ಸರಿ, ಕೋಳಿ ಇಟ್ಟಿದ್ದಾಗಿರ್ಲಿ. ಒಂದ್ಸಲನಾದ್ರೂ ಗೆಲ್ಲಲಿ ಆ ಮುದುಕಿ.