ಗದ್ದೆಮ್ಮ ಬ್ರೇಕ್ ತುಳಿದದ್ದು

...ನಗಬ್ಯಾಡ ಹುಲಗಪ್ಪ. ನಗೋ ಮಾತಲ್ಲ ಇದು. ನಮ್ಮ ಡ್ರೈವರ್ ಪಂಪಾಪತಿ ಕುಡದಿದ್ದ ಅಂದ್ರ ಕುಡದಿದ್ದ. ದೇವದುರ್ಗ ತುಂಬಾ ಅದ ಮಾತು. ನೀನೊಬ್ಬನ ಬ್ರೇಕು, ಬ್ರೇಕು ಅಂತ ಬಾನೆಟ್ಟಿನಾಗ ತಲಿ ಹಾಕಿ ನಿಂತಿ... ನಾನ್ಯಾಕ ಬಂದೆ ಅಂತಿಯೇನು? ಕಾರು ಯಾರದು? ನನ್ನ ಮಗ ಆದೆಪ್ಪಂದು. ಬ್ರೇಕು ನೋಡಸ್ರಿ ಅಂತ ಡ್ರೈವರ್ ಕೈಕಾಲಿಗೆ ಬಿದ್ದು ಕೇಳಿಕೊಂಡ ಅಂತ ನಿನ್ನ ಶೆಡ್ಡಿಗೆ ಎಳಸಿ, ತಾನು ರಾಯಚೂರಿಗೆ ಹೋಗ್ಯಾನ. ಮನಿಯವರು ಒಬ್ಬರು ಮೆಕ್ಯಾನಿಕ್ ಮುಂದ ಕುಂದರಬೇಕಲ್ಲ. ನಿನ್ನ ಮ್ಯಾಲ ಅನುಮಾನ ಅಂತಲ್ಲಪ. ನಿಮ್ಮವ್ವ ಬಸ್ಸಮ್ಮ ನಮ್ಮ ಓಣ್ಯಾಕಿ. ನನ್ನ ಮುಂದ ಹೇಳದ ಒಂದು ಮಾತು ಆಕಿ ಹೊಟ್ಟ್ಯಾಗ ನಿಂತಿದ್ದಿಲ್ಲ.

ಕೇಳಿಲ್ಲಿ. ಮೊನ್ನಿ ಜಾಲಹಳ್ಳಿ ಬಸ್ ಸ್ಟ್ಯಾಂಡ್ ಮುಂದ, ಹಾಡಹಗಲ, ಕನಕರಾಯನ ಮಿರ್ಚಿ ಬಂಡಿಗೆ ಹೋಗಿ ಗುದ್ದ್ಯಾನ. ಬಾಂಡಲಿ ಮಗಚಿ ಕನಕರಾಯನ ಪಾದದ ಮ್ಯಾಲ ಎಣ್ಣಿ ಸಿಡದದ. ಇವ ಇಳದು ಏನಂದ ಗೊತ್ತೇನು? "ಬ್ರೇಕು ಕಲ್ಲಾಗಿತ್ತು, ಎದ್ದು ನಿಂತು ತುಳದರೂ ಇಳೀಲಿಲ್ಲ" ಅಂದ. ಬ್ರೇಕು ಕಲ್ಲಾಗತದೇನು?... ಯಾಕ ತಲಿ ಅಲ್ಲಾಡಸ್ತಿ? ಆಗತದಾ?... ಆಗಲಿ ಬಿಡು.

ಇವತ್ತು ಸಂಜಿಗೆ ಬಾಗಲವಾಡದ ಸೂಗಪ್ಪ ಬರತಾನ. ಅವನ ಮಗಳು ಮೌನೇಶ್ವರಿನ್ನ ಪಂಪಾಪತಿಗೆ ಕೊಡೋದು ಗಟ್ಟಿಯಾಗಿತ್ತಲ್ಲ. ಈಗ ಕುಡುಕಗ ಕೊಡಂಗಿಲ್ಲ ಅಂತ ಪಂಪಾಪತಿ ಮನಿಯವರು ಉಡಿಸಿದ ಸೀರಿ ವಾಪಸ್ ಹಿಡಕೊಂಡು ಬರಾಕತ್ಯಾನ. ಆ ಹುಡುಗಿ ಎರಡು ದಿನ ಆತಂತ, ಗುಟುಕು ನೀರು ಇಳಿಸಿಲ್ಲ. ಆದೆಪ್ಪನೂ ಕೀಲಿ ಕಸಗೊಂಡಾನ. ನೀನು ಬ್ರೇಕಿಂದ ತಪ್ಪು ಅಂದ್ರ ಅವಗ ಹೆಂಡ್ತಿನೂ ಉಳಿತಾಳ, ಕೆಲಸಾನೂ ಉಳಿತದ. ಅಲ್ಲ ಅಂದ್ರ ಎರಡೂ ಹೋದಂಗ. ಅದಕ್ಕ ನೋಡಿ ಮಾತಾಡು ಅಂತೀನಿ.

ಕುಡದಿದ್ದು ಕಂಡವರು ಯಾರು ಅಂತಿಯಾ? ನಮ್ಮ ಓಣಿ ವೆಂಕಮ್ಮ. ಜಾಲಹಳ್ಳ್ಯಾಗ ಚಾದ ಅಂಗಡಿ ಹಿಂದ, ಬಾಟ್ಲಿ ಹಿಡಕೊಂಡು... ಆ ವೆಂಕಮ್ಮನ ಸೊಸಿ ಕತಿ ಗೊತ್ತದೇನು ನಿನಗ? ಮಾನ್ವಿಗೆ ಹೋಗಿ ಜಂಪರ್ ಹೊಲಿಯಾಕ ಕೊಟ್ಟು ಬರತೀನಿ ಅಂದಾಕಿ ಮೂರು ದಿನಕ್ಕ ಬಂದ್ಲು. ಮೂರು ದಿನ ಆ ಟೇಲರ್ ಏನು ಅಳತಿ ತೊಗೊಂಡ್ನೋ... ಹಾಂ, ಈಗ ನಗು.

ಏನು? ನಾನಾ? ನಾನು ಡ್ರೈವರ್ ಸೀಟಿನ ಮ್ಯಾಲ? ಎಪ್ಪತ್ತು ದಾಟಿದ ಮುದುಕಿನ್ನ ಎಲ್ಲಿ ಕುಂದರಸ್ತಿಯೋ... ಸರಿ, ಚಪ್ಪಲಿ ಬಿಡತೀನಿ ತಡಿ. ನಡುವಿನ ಪೆಡಲ್ಲಾ? ಎಂಜಿನ್ ಬಂದ್ ಇದ್ದಾಗ ನಾಕೈದು ಸಲ ತುಳೀಬೇಕು. ಒಂದು... ಎರಡು... ಮೂರು... ಗಟ್ಟಿ ಆತು. ತುಳಕೊಂಡ ಇರಲಾ? ಇದೀನಿ. ಕೀಲಿ ತಿರುವು.

...ಇಲ್ಲ. ಇಳೀಲಿಲ್ಲ. ಎಂಜಿನ್ ಚಾಲೂ ಆದ ಕೂಡ್ಲೆ ತಾನ ಒಂಚೂರು ಕೆಳಗ ಹೋಗಬೇಕಿತ್ತಾ? ಬೀಸೋ ಕಲ್ಲಿನ ಮ್ಯಾಲ ಕಾಲಿಟ್ಟಂಗ ಅದ ಹುಲಗಪ್ಪ. ಎರಡೂ ಕಾಲು ಹಾಕೀನಿ. ಮಿಸುಕವಲ್ಲದು.

ಆ ಸಪ್ಪಳ ಏನದು, ಸುಸ್ ಅಂತ? ಗಾಳಿ ಎಳಕೊಳ್ಳಾಕತ್ತದಾ?... ಆ ಕಡಿ ಯಾಕ ಹೋಗತಿ? ಗಾಲಿ ಬಿಚ್ಚಿ ನೋಡಪ ಮೊದಲ. ಬ್ರೇಕು ಇರೋದು ಗಾಲ್ಯಾಗ ಅಲ್ಲೇನು... ಪೈಪು? ಎಂಜಿನ್ನಿಂದ ಆ ದುಂಡನ ಡಬ್ಬಿಗೆ ಹೋಗೋ ಪೈಪು. ಎಂಜಿನ್ ಅದರಿಂದ ಗಾಳಿ ಎಳದರ ಬ್ರೇಕು ಹಗುರ, ಇಲ್ಲಂದ್ರ ಕಲ್ಲು ಅಂತಿ. ನನಗ್ಯಾಕ ಹೇಳತಿ ಅದನ್ನ. ನನಗೇನು ತಿಳಿತದ.

ಬ್ಯಾಟ್ರಿ ಬೆಳಕು ಹಿಡದು ಏನು ಹುಡಕತಿ? ಸಾಕು ಬಿಡು. ಚಾ ಕುಡುದು ಬಾ ಹೋಗು, ನಾನಿರತೀನಿಲ್ಲೆ... ಏನದು?

ತಂತಿ. ಕರಿ ದಾರ. ತಾಯತ. ಇರತದಪ, ಯಾರ ಗಾಡ್ಯಾಗಿಲ್ಲ? ದೃಷ್ಟಿ ಆಗಬಾರದು ಅಂತ ಪಂಪಾಪತಿನ ಕಟ್ಟಿರಬೇಕು. ಯಾಕ ಹಂಗ ನೋಡತಿ? ತಂತಿ ಕೆಳಗ ಪೈಪಿನ ರಬ್ಬರ್ ಸೀಳ್ಯದ ಅಂದ್ರ ಬಿಸಿಗಿ ಸೀಳಿರತದ. ಏಳು ಸುತ್ತು ತಂತಿ ಅದಕ್ಕೇನು ಮಾಡತದ...

ನೀನು ಇನ್ನಾ ಎಣಿಸಿದ್ದಿಲ್ಲೇನು?

ಎಣಿಸಬ್ಯಾಡ. ಏಳ ಅದಾವ.

ಕಾರು ತಂದ ದಿನ ಸೊಸಿ ಅಂಬಿಕಾನ ತವರವರು ಹೆಂಗ ನೋಡಿದ್ರು ಗೊತ್ತೇನು, ನುಂಗೋರಂಗ. ಅಮಾಸಿಗೆ ತಾಯತ ಮಂತ್ರಿಸಿ ಕೊಡೋ ಗುಂಜಹಳ್ಳಿ ತಾತನ ಹತ್ರ ಹೋದೆ. ಮನಷ್ಯಾರಿಗೆ ಕೊರಳಿಗೆ ಕಟ್ಟು, ಗಾಡಿಗೆ ಉಸುರು ಎಳಕೊಳ್ಳೋ ಜಾಗಕ್ಕ ಕಟ್ಟು ಅಂದ. ಕಾಣಂಗ ಕಟ್ಟಿದರ ಸೊಸಿ ಬಿಚ್ಚಿ ಒಗಿತಾಳ. ಪಂಪಾಪತಿ ಬಾನೆಟ್ ತೆರದಿಟ್ಟು ನೀರಿಗೆ ಹೋದಾಗ ಒಂದೊಂದ ಪೈಪು ಮುಟ್ಟಿ ನೋಡಿದೆ. ಇದು ಕೊರಳಿನಂಗ ಇತ್ತು. ದಾರ ಜಾರತದ ಅಂತ ಮ್ಯಾಲ ತಂತಿ ಹಾಕಿ ಇಕ್ಕಳದಿಂದ ಬಿಗಿದೆ. ಅದು ರಬ್ಬರಿನಾಗ ಇಳಿತದ ಅಂತ ನನಗೇನು ಕನಸೇ?

ಹೊಸಾ ಪೈಪು ಕುಂತತಾ? ಎರಡೂ ಕಡಿ ಕ್ಲಿಪ್ ಬಿಗಿ... ಮತ್ತ ನಾನಾ? ತುಳದೀನಿ. ಚಾಲೂ ಮಾಡು.

...ಹೋತು. ಕಾಲ ಕೆಳಗ ತಾನ ಹೋತು. ನಾದಿದ ಹಿಟ್ಟಿನಾಗ ಬೆರಳು ಇಟ್ಟಂಗ.

ಸೂಗಪ್ಪಗ ಪೈಪು ಹಳೀದಿತ್ತು, ಸೀಳಿತ್ತು ಅಂತ ಅಷ್ಟ ಹೇಳು. ತಂತಿ ಮಾತು ಬ್ಯಾಡ. ಹೂಂ ಅನ್ನು... ಹುಲಗಪ್ಪ, ಹೂಂ ಅನ್ನು ಒಮ್ಮಿ. ಆ ತಂತಿ ತಂದು ನನ್ನ ಮುಂದ್ಯಾಕ ಇಟ್ಟಿ? ಬೈಯಾಕರ ಬೈ, ಇಲ್ಲ ನಗು. ಹಿಂಗ ಬಾಗಲ ಹಿಡಕೊಂಡು ನಿಂದ್ರಬ್ಯಾಡ. ಮತ್ತ ಬಾಟ್ಲಿ ಕಂಡಾಕಿ ಯಾರು ಅಂತ ಸೂಗಪ್ಪ ಕೇಳತಾನ, ನೀನು ವೆಂಕಮ್ಮನ್ನ ಕರಸ್ತಿ...

ಆಕಿನ್ನ ಕರಸಬ್ಯಾಡ. ಆಕಿ ಆ ದಿನ ಜಾಲಹಳ್ಳಿಗೆ ಹೋಗೇ ಇದ್ದಿಲ್ಲ.

ಬ್ರೇಕು ಕಲ್ಲಾಗಿತ್ತು ಅಂತ ಅವ ಅಳಕೋತ ಬಂದು ಹೇಳಿದ ನೋಡು, ಆಗಲೇ ನನಗ ತಂತಿ ನೆನಪಾತು. ಆಮ್ಯಾಲ ನಾನ ಹೋಗಿ ವೆಂಕಮ್ಮಗ ಬಾಟ್ಲಿ ಕತಿ ಹೇಳಿದೆ.