ಓಟಿಪಿಗೊಂದು ಮುಹೂರ್ತ

ಏ ಕಂಬದ ಹಿಂದ ಕುಂತಾವ್ರ, ಪ್ರವಚನ ಕೇಳಾಕ ಬಂದು ತೂಕಡಸಬ್ಯಾಡ್ರಿ. ಈಗ ಒಂದು ದೃಷ್ಟಾಂತ ಹೇಳ್ತೀನಿ.

ಒಂದೂರಾಗ ಒಬ್ಬ ಸಾಹುಕಾರ ಇದ್ದ. ರಾಜರ ಕಾಲದಾವ ಅಲ್ರೀ, ಮೊನ್ನೆ ಮೊನ್ನಿನಾವ. ಒಳ್ಳೇ ಮನುಷ್ಯ. ಕುಡಿಯೂದಿಲ್ಲ, ಇಸ್ಪೀಟ್ ಆಡೂದಿಲ್ಲ. ಆದ್ರ ಒಂದ ಚಟ ಇತ್ತು. ಯಾವ ಚಟ? ಮುಹೂರ್ತದ ಚಟ! ಅಂಗಿ ಹೊಲಿಸಾಕ ಮುಹೂರ್ತ, ಕಟಿಂಗ್ ಮಾಡಿಸಾಕ ಮುಹೂರ್ತ. ಹಲ್ಲು ನೋವು ಬಂದ್ರೂ ಮೊದಲ ಜೋಯಿಸರ ಮನಿ, ಆಮೇಲೆ ಡಾಕ್ಟರ ಮನಿ. ನಗಬ್ಯಾಡ್ರಿ, ನಿಮ್ಮ ಪೈಕಿನ ಅವ.

ಅವನ ಹೇಂತಿ ಕೈರುಚಿ ದೊಡ್ಡದು. ಅಕಿ ಶೇಂಗಾ ಚಟ್ನಿಪುಡಿ ಕುಟ್ಟಾಕ ಕುಂತ್ರ ಓಣಿಗೆ ಓಣಿನ ಘಮ್ ಅಂತಿತ್ತು. ಅದ ಪುಡಿ ಮಾರಿ ಮಾರಿನ ಅವ ಸಾಹುಕಾರ ಆಗಿದ್ದು. ಈಗ ನೋಡ್ರಿ, ನಮ್ಮ ಕಡೆ ಒಂದು ಪದ್ಧತಿ ಐತಿ. ಮದುವ್ಯಾಗ ಅಕ್ಕಿಕಾಳು ಬಿದ್ದ ಕೂಡ್ಲೆ ಸೊಸಿ ಹೆಸರು ಬದಲಿ ಮಾಡಿಬಿಡ್ತಾರ. ತವರಮನ್ಯಾಗ ಅಕಿ ನಿಂಬೆವ್ವ. ಅತ್ತಿ ಮನ್ಯಾಗ ಭಾಗ್ಯಲಕ್ಷ್ಮಿ ಆದ್ಳು. ಅವ್ವ ಅಪ್ಪ ತೀರಿಕೊಂಡ ಮ್ಯಾಲೆ ನಿಂಬೆವ್ವ ಅಂತ ಕರಿಯಾವ್ರು ಯಾರೂ ಉಳೀಲಿಲ್ಲ.

ಚಟ್ನಿಪುಡಿಗೆ ಒಂದು ವೆಬ್‌ಸೈಟ್ ಮಾಡೂ ದಿನ ಸಾಹುಕಾರ ಕೇಳಿದ, "ಏನ ಹೆಸರು ಇಡೂಣು?" ಅಕಿ ಹೆದರಿಕೋತ ಅಂದ್ಳು, "ನಿಂಬೆವ್ವ ಚಟ್ನಿ ಡಾಟ್ ಕಾಮ್ ಅಂತ ಇಡ್ರಲ್ಲ." ಇಟ್ಟ ನೋಡ್ರಿ! ಪುಣ್ಯಾತ್ಮ ಜನ್ಮದಾಗ ಮುಹೂರ್ತ ಕೇಳದ ಮಾಡಿದ್ದು ಅದೊಂದ ಕೆಲಸ. "ನಿಂಬೆವ್ವಾರ, ಎರಡು ಕಿಲೋ ಕಳಸ್ರಿ" ಅಂತ ಪುಣೆದಿಂದ ಆರ್ಡರ್ ಬಂದ್ರ ಅಕಿ ಕಿಲೋ ನೋಡ್ತಿದ್ದಿಲ್ಲ, ಆ ಹೆಸರನ್ನ ತಿರುಗಿ ತಿರುಗಿ ಓದಾಕಿ.

ಆದ್ರ ವೆಬ್‌ಸೈಟಿನ ಹೆಸರು ಹೊಲ ಇದ್ದಂಗಲ್ರೀ, ಒಮ್ಮೆ ಕೊಂಡ್ರ ಮೊಮ್ಮಕ್ಕಳ ತನಕ ಉಳಿಯಾಕ. ಅದು ಬಾಡಿಗಿ ಮನಿ. ವರ್ಷಕ್ಕೊಮ್ಮೆ ನವೀಕರಣ ಮಾಡಬೇಕು, ಇಲ್ಲಾಂದ್ರ ಬೀಗದ ಕೈ ಕೊಟ್ಟು ಎದ್ದು ಹೋಗಬೇಕು. ಆಷಾಢದಾಗ ಕಂಪನಿಯವ್ರು ಇಮೇಲ್ ಮ್ಯಾಲೆ ಇಮೇಲ್ ಹಾಕಿದ್ರು, 'ಅವಧಿ ಮುಗೀಲಿಕ್ಕೆ ಬಂತು, ನವೀಕರಣ ಮಾಡಿಸ್ಕೋರಿ' ಅಂತ. ಅಕಿ ಎಲ್ಲಾ ತುಂಬಿಟ್ಳು. ಆದ್ರ ಓಟಿಪಿ ಎಲ್ಲಿಗೆ ಬರ್ತಿತ್ತು? ಗಂಡನ ಮೊಬೈಲಿಗೆ!

"ರೀ, ಒಂದು ನಂಬರ್ ಬಂದೈತಿ ನೋಡ್ರಿ, ಹೇಳ್ರಿ."

"ಆಷಾಢದಾಗ? ಹುಚ್ಚು ಹಿಡದೈತೇನು ನಿನಗ? ಶ್ರಾವಣ ಬರ್ಲಿ."

ಶ್ರಾವಣ ಬಂತು. ಜೋಯಿಸರು ಒಂದು ಗುರುವಾರ ತಗದು ಕೊಟ್ರು. ಸಾಹುಕಾರ ಚಾಳೀಸು ಏರಿಸಿಕೊಂಡು ನಂಬರ್ ಓದಾಕ ಬಾಯಿ ತೆಗದ. ಅಷ್ಟರಾಗ ಹೊರಗ ಕಟ್ಟಿ ಮ್ಯಾಲೆ ಯಾರೋ ಸೀನಿದ್ರು. ಒಂಟಿ ಸೀನು, ಅಪಶಕುನ! ಮೊಬೈಲ್ ಕಿಸೆದಾಗ ಹೋತು.

ಶ್ರಾವಣ ಮುಗೀತು, ಅವಧಿನೂ ಮುಗೀತು. ವೆಬ್‌ಸೈಟ್ ಬಂದ್. ಆದ್ರ ಕೇಳ್ರಿ, ಕಂಪನಿಯವ್ರಿಗೂ ಒಂದೀಟು ಕರುಣಾ ಇರ್ತೈತಿ. 'ಸ್ವಲ್ಪ ದಿನ ನಿಮ್ಮ ಹೆಸರು ನಿಮಗಂತ ತಗದಿಡ್ತೀವಿ. ಆಮೇಲೆ ಯಾರು ಕೇಳ್ತಾರೋ ಅವ್ರಿಗೆ' ಅಂದ್ರು. ಅಕಿ ಗಂಡಗ ಕೈ ಮುಗದ್ಳು.

ಸಾಹುಕಾರ ಏನಂದ? "ಪಕ್ಷಮಾಸ ನಡದೈತಿ. ಹಿರ್ಯಾರಿಗೆ ಎಡಿ ಹಿಡಿಯೂ ದಿನದಾಗ ಯಾರರೆ ಹೊಸಾ ಕೆಲಸ ಮಾಡ್ತಾರೇನು?"

"ಹೊಸಾದು ಎಲ್ಲೈತ್ರೀ? ಇದ್ದದ್ದನ್ನ ಉಳಿಸಿಕೊಳ್ಳೂದು!"

"ಹೆಸರು ಎಲ್ಲಿ ಓಡಿ ಹೋಗ್ತೈತಿ? ಅದಕ್ಕೇನು ಕಾಲು ಬಂದಾವೇನು? ಸುಮ್ನ ಕುಂದರು."

ನಾಳೆ ಅಂದವನ ಮನಿ ಹಾಳು ಅಂತ ಹಿರ್ಯಾರು ಸುಮ್ನ ಹೇಳಿಲ್ಲ. ಅವ ಆ ಹಿರ್ಯಾರಿಗೇ ಎಡಿ ಹಿಡಕೋತ ಕುಂತಿದ್ದ!

ನವರಾತ್ರಿ ಪಾಡ್ಯ ಬಂತು. ಸಾಹುಕಾರ ತಲಿಮ್ಯಾಲೆ ನೀರು ಹಾಕ್ಕೊಂಡ, ಮಡಿ ಉಟ್ಟ, ಲ್ಯಾಪ್‌ಟಾಪಿಗೆ ಅರಿಷಿಣ ಕುಂಕುಮ ಹಚ್ಚಿದ, ಚೆಂಡುಹೂವಿನ ಮಾಲಿ ಹಾಕಿದ. ಠಣ್ ಅಂತ ಕಾಯಿ ಒಡದ, ಅರ್ಧ ನೀರು ಕೀಬೋರ್ಡಿನ ಮ್ಯಾಲೆ. "ಹೂಂ, ಈಗ ಒತ್ತು" ಅಂದ. ಅಕಿ ಒತ್ತಿದ್ಳು. ಏನ ಬಂತು ಹೇಳ್ರಿ? ಬೋಳು ತಲಿ! ಯಾರೋ ದೂರದಾವ ಆ ಹೆಸರು ಹಿಡಕೊಂಡು ಕೂದಲ ಬೆಳಿಯೂ ಎಣ್ಣಿ ಅಂಗಡಿ ಹಚ್ಚಿದ್ದ. ಮ್ಯಾಲೆ ದೊಡ್ಡ ಅಕ್ಷರದಾಗ ನಿಂಬೆವ್ವ, ಕೆಳಗ ಫಳಫಳ ಬೋಳು ತಲಿ.

ನಗ್ರಿ, ನಗ್ರಿ. ಅಕಿ ಮಾತ್ರ ನಗಲಿಲ್ಲ. ಸೆರಗಿಲೆ ಕೀಬೋರ್ಡ್ ಒರಿಸಿ ಇಷ್ಟ ಅಂದ್ಳು: "ನನ್ನ ಹೆಸರು ಎರಡು ಸಲ ಹೋತ್ರೀ. ಎರಡೂ ಸಲ ಒಳ್ಳೇ ಮುಹೂರ್ತದಾಗ ಹೋತು."

ಸಾಹುಕಾರ ಕಾಯಿ ಹೋಳು ಕೈಯಾಗ ಹಿಡಕೊಂಡು ನಿಂತಾವ ನಿಂತ.

ಈಗ ನಿಮ್ಮ ಕಡೆ ಬರ್ತೀನಿ, ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತೀರಿ? ಹೇಂತಿನ್ನ ಬೈಯೂವಾಗ ರಾಹುಕಾಲ ನೋಡ್ತೀರೇನು? ಹೊಲದ ಬದುವಿನ ಸಲುವಾಗಿ ತಮ್ಮನ ಕೊಳ್ಳಪಟ್ಟಿ ಹಿಡದ್ರಲ್ಲ, ಅವತ್ತು ಪಂಚಾಂಗ ತೆಗದಿದ್ರೇನು? ಇಲ್ಲ! ಕೆಟ್ಟದ್ದಕ್ಕ ಎಲ್ಲಾ ಘಳಿಗಿನೂ ಒಳ್ಳೇ ಘಳಿಗಿ. ಆ ತಮ್ಮನ್ನ ಮಾತಾಡಸ್ರಿ ಅಂದ್ರ ಮಾತ್ರ, "ದಸರಾ ಬರ್ಲಿ ಅಜ್ಜಾರ, ಬನ್ನಿ ಕೊಟ್ಟು ಮಾತಾಡಸೂಣು." ಬನ್ನಿ ಕೊಡೂ ಹೊತ್ತಿಗೆ ತಗೊಳ್ಳಾಕ ಅವ ಇರಬೇಕಲ್ಲಪಾ! ಪ್ರೀತಿನೂ ಬಾಡಿಗಿ ಮನಿನ, ತಿಳೀರಿ. ಮದುವಿ ದಿನ ಒಮ್ಮೆ ಕೊಂಡು ಕಪಾಟಿನ್ಯಾಗ ಇಟ್ಟಿದ್ದಲ್ಲ.

ಅದಕ್ಕ ಗಂಡಸರ, ಇವತ್ತ ಮನಿಗೆ ಹೋಗಿ, ಕೈಕಾಲು ತೊಳಿಯೂಕಿಂತ ಮೊದಲ ಹೇಂತಿಗೆ ಕೇಳ್ರಿ, 'ತವರಮನ್ಯಾಗ ನಿನ್ನ ಏನಂತ ಕರೀತಿದ್ರು?' ಆ ಹೆಸರಿಲೆ ಒಂದ ಸಲ ಕರೀರಿ. ಅಕಿ ಹೆದರಿ ವೈದ್ಯರನ್ನ ಕರಿಸಿದ್ರೂ ಪರವಾಗಿಲ್ಲ! ಇನ್ನ, ಮಾತು ಬಿಟ್ಟಾವ್ರು ಯಾರ್ಯಾರು ಅದೀರಿ, ನನಗ ಗೊತ್ತೈತಿ, ಹೆಸರು ಹೇಳೂದಿಲ್ಲ. ಇಲ್ಲೇ ಹೊರಗ ಕಟ್ಟಿ ಮ್ಯಾಲೆ ಹೋಗಿ ಆ ತಮ್ಮಗ, ಆ ತಂಗಿಗೆ ಫೋನ್ ಹಚ್ಚಿ ಬರ್ರಿ. "ಊಟ ಆತೇನು" ಅಂತ ಕೇಳಿದ್ರ ಸಾಕು. ಮಂಗಳಾರತಿ ತಡ ಆದ್ರ ಆಗ್ಲಿ, ನಾನು ಕಾಯ್ತೀನಿ. ಏಳ್ರಿ.